ಅಂಬಕ್ಕನ ಮಣ್ಣಿನ ಹೂಜಿ

ಹೊಳೆಯ ಈಚೆ ದಡದಲ್ಲಿ ಅಂಬಕ್ಕನ ಶಿಶುವಿಹಾರ. ಒಂದು ಹಜಾರ, ಮುಂದೊಂದು ಹೊಂಗೆ ಮರ, ಹಿಂದೊಂದು ಬಾವಿ. ಅಷ್ಟೇ.

ಐದು ತುಂಬದ ಮಕ್ಕಳಿಗೂ ಒಂದು ಶಾಲೆ ಬೇಕು ಅನ್ನುವುದು ಆ ಸೀಮೆಯಲ್ಲಿ ಯಾರ ತಲೆಗೂ ಹೊಳೆಯದ ಕಾಲ ಅದು. "ಅನ್ನ ತಿನ್ನಿಸಿ ಮಲಗಿಸಿದ್ರೆ ಆಯ್ತಪ್ಪ. ಅವಕ್ಕೆ ಇನ್ನೇನು ಕಲಿಸ್ತಾಳೆ ಈ ಯಮ್ಮ?" ಎಂದು ಜನ ನಗುತ್ತಿದ್ದರು.

ನಿಜ ಹೇಳಬೇಕೆಂದರೆ ಅಂಬಕ್ಕ ಕಲಿಸುತ್ತೇನೆ ಎಂದು ಹೊರಟವರೇ ಅಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾಟಿಗೆ ಹೋದ ತಾಯಂದಿರು ಹುಣಸೆ ಮರದ ನೆರಳಲ್ಲಿ ಬಿಟ್ಟು ಹೋಗುತ್ತಿದ್ದ ಮಕ್ಕಳ ಜೊತೆ ಒಂದು ಪೂರ್ತಿ ಬೆಳೆಗಾಲ ಸುಮ್ಮನೆ ಕೂತಿದ್ದರು. ಕೂತು ನೋಡಿದ್ದರು.

ಆಮೇಲೆ ತವರಿನ ಬೀಟೆ ಮರದ ಕಪಾಟನ್ನು ಹಜಾರಕ್ಕೆ ತರಿಸಿದರು. ಬಡಗಿಯನ್ನು ಕರೆದು, ಅದರ ಕಾಲುಗಳನ್ನು ಕತ್ತರಿಸು ಎಂದರು.

"ಇಂಥಾ ಕಪಾಟನ್ನ ಹಾಳು ಮಾಡಬೇಡಿ ಅಕ್ಕ," ಎಂದು ಬಡಗಿ ಗೋಗರೆದ.

"ಹಾಳಾಗಿರೋದನ್ನ ಸರಿ ಮಾಡಿಸ್ತಿದ್ದೀನಪ್ಪ. ಮಕ್ಕಳ ಕೈಗೆ ಹಲಗೆ ಎಟುಕಲ್ಲ."

ಈ ಅಂಬಕ್ಕನ ಬಳಿ ಕಲಿಯಲು ಬಂದವಳು ವನಮಾಲೆ. ಆಚೆ ದಡದ ಹೊಂಬಾಳೆ ಅವಳ ಊರು. ಅಲ್ಲೂ ಇಂಥದೊಂದು ಶಿಶುವಿಹಾರ ತೆರೆಯಬೇಕು ಅನ್ನುವುದು ಅವಳ ಆಸೆ. ಚುರುಕು ಹುಡುಗಿ, ಕೆಲಸಗಾತಿ, ಮಕ್ಕಳೆಂದರೆ ಪ್ರಾಣ. ಇಷ್ಟಿದ್ದ ಮೇಲೆ ಇನ್ನೇನು ಬೇಕು ಎಂದು ಅವಳಿಗೂ ಅನಿಸುತ್ತಿತ್ತು.

ಹೊಂಬಾಳೆಯ ಪಟೇಲರು ಚಾವಡಿ ಪಕ್ಕದ ಕೋಣೆಯನ್ನು ಕೊಡಲು ಒಪ್ಪಿದ್ದರು. ಆದರೆ ಒಂದು ಮಾತು ಹೇಳಿ ಕಳಿಸಿದ್ದರು. ಹೊಳೆ ಏರುವುದರೊಳಗೆ ವನಮಾಲೆ ಬಂದುಬಿಡಬೇಕು. ಹೊಳೆ ಏರಿದರೆ ಹರಿಗೋಲು ನಿಲ್ಲುತ್ತದೆ. ಅಷ್ಟರಲ್ಲಿ ಅವಳು ಬಾರದಿದ್ದರೆ ಕೋಣೆಗೆ ಹುಲ್ಲು ತುಂಬುತ್ತಾರೆ. ಒಮ್ಮೆ ತುಂಬಿದ ಮೇಲೆ ಬಿಡಿಸಿ ಕೊಡುವವರು ಯಾರು?

ವನಮಾಲೆ ಅಂಬಕ್ಕನನ್ನು ಕೇಳಿದಳು.

"ಅಕ್ಕ, ನಾನು ಯಾವಾಗ ಹೊರಡಲಿ?"

"ಏನೂ ಮಾಡದೆ ಕೂರೋದು ಬಂದ ದಿನ."

ವನಮಾಲೆಗೆ ನಗು ಬಂತು. "ಅದು ಸೋಮಾರಿಗಳಿಗೂ ಬರುತ್ತಲ್ಲ ಅಕ್ಕ?"

"ಎಲ್ಲಿ ಬರುತ್ತೆ? ಅವರು ನಿದ್ದೆ ಮಾಡ್ತಾರೆ."

ಹಜಾರದ ಮೂಲೆಯಲ್ಲಿ ಒಂದು ಚಾಪೆ ಇತ್ತು. ಮಕ್ಕಳು ಅದನ್ನು ಸುಮ್ಮನಿರೋ ಚಾಪೆ ಎನ್ನುತ್ತಿದ್ದರು. ದೊಡ್ಡವರು ಯಾರೇ ಅದರ ಮೇಲೆ ಕೂತರೂ ಕೈ ಮಡಿಲಲ್ಲಿ ಇಟ್ಟುಕೊಂಡು ನೋಡಬೇಕು, ಮಾತಾಡಬಾರದು, ಏಳಬಾರದು. ಅಂಬಕ್ಕ ದಿನದ ಬಹುಪಾಲು ಅಲ್ಲೇ ಇರುತ್ತಿದ್ದರು.

ವನಮಾಲೆಯೂ ಕೂರುತ್ತಿದ್ದಳು. ಕೂತ ಹಾಗೇ ಏಳುತ್ತಿದ್ದಳು. ಒಂದು ಮಗುವಿನ ಮೂಗು ಒರೆಸಬೇಕು, ಇನ್ನೊಂದರ ಲಂಗದ ಲಾಡಿ ಕಟ್ಟಬೇಕು, ಮತ್ತೊಂದು ಮಣಿಯನ್ನು ದಾರಕ್ಕೆ ಪೋಣಿಸಲಾಗದೆ ಪೇಚಾಡುತ್ತಿದೆ.

"ಚಾಪೆಗೆ ಇರುವೆ ಹತ್ತಿದೆಯೇನೇ?" ಎಂದು ಅಂಬಕ್ಕ ಛೇಡಿಸುತ್ತಿದ್ದರು.

"ನಾನು ಏಳದೇ ಇದ್ದಿದ್ರೆ ಆ ಮಗು ಅಂಗಿ ಗುಂಡಿಯನ್ನ ಬೇರೆ ಕಾಜಾಕ್ಕೆ ಹಾಕಿಬಿಡ್ತಿತ್ತು ಅಕ್ಕ."

"ಹಾಕಿದ್ರೆ?"

"ಅಂಗಿ ಸೊಟ್ಟಗಾಗ್ತಿತ್ತು."

"ಆಗಿದ್ರೆ?"



ಬೇಸಗೆಯ ಕೊನೆಗೆ ಕೆಂಪಿ ಎನ್ನುವ ಪುಟ್ಟ ಹುಡುಗಿ ಬಂದಳು. ಅವಳ ಅಜ್ಜಿ ಹೊಸಿಲಲ್ಲೇ ನಿಂತು ಎಚ್ಚರಿಕೆ ಕೊಟ್ಟಳು. "ಇವಳ ಕೈಗೆ ಏನೂ ಕೊಡಬೇಡಿ ತಾಯಿ. ಮುಟ್ಟಿದ್ದನ್ನೆಲ್ಲ ಒಡೆದು ಹಾಕ್ತಾಳೆ."

ಮುಟ್ಟಬೇಡ, ಮುಟ್ಟಬೇಡ ಎಂದು ಕೇಳಿ ಕೇಳಿ ಆ ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡುತ್ತಿತ್ತು. ಬೇರೆ ಮಕ್ಕಳು ಕಡಲೆಕಾಯಿ ಸುಲಿಯುತ್ತಿದ್ದರೆ, ಗಿಡಕ್ಕೆ ನೀರು ಹಾಕುತ್ತಿದ್ದರೆ, ದೂರ ನಿಂತು ನೋಡುತ್ತಿತ್ತು. ಒಂದು ಮಾತೂ ಆಡುತ್ತಿರಲಿಲ್ಲ. ವನಮಾಲೆಗೆ ಅದನ್ನು ಕಂಡರೆ ಕರುಳು ಚುರುಕ್ ಎನ್ನುತ್ತಿತ್ತು.

ಶಿಶುವಿಹಾರದಲ್ಲಿ ಒಂದು ಪದ್ಧತಿ. ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಮಗು ಎಲ್ಲರಿಗೂ ನೀರು ಕೊಡಬೇಕು. ಮಣ್ಣಿನ ಹೂಜಿ, ಮಣ್ಣಿನ ಲೋಟ. ದಿನಕ್ಕೊಬ್ಬರಂತೆ ಸರದಿ.

ಸರದಿ ಕೆಂಪಿಗೆ ಬಂತು.

"ಇವಳು ಬೇಡ ಅಕ್ಕ, ಇನ್ನೂ ಹೊಸಬಳು," ಎಂದಳು ವನಮಾಲೆ.

"ಬಾಯಾರಿಕೆ ಆಗೋಕೆ ಹಳಬರಾಗಬೇಕಾ?" ಎಂದರು ಅಂಬಕ್ಕ.

ಕೆಂಪಿ ಬಹಳ ಹೊತ್ತು ಹೂಜಿಯನ್ನೇ ನೋಡಿದಳು. ಆಮೇಲೆ ಬೆನ್ನ ಹಿಂದಿನ ಕೈಗಳು ಮುಂದೆ ಬಂದವು. ಹೂಜಿಯನ್ನು ಎದೆಗೆ ಅವಚಿಕೊಂಡು ಹೆಜ್ಜೆ ಇಟ್ಟಳು. ಹಜಾರದ ನಡುವೆ ಬಂದಾಗ ಹೂಜಿ ಒಂದಿಷ್ಟು ವಾಲಿತು.

ವನಮಾಲೆ ಚಾಪೆಯಿಂದ ಚಂಗನೆ ಎದ್ದು ಅದರ ತಳಕ್ಕೆ ಕೈ ಕೊಟ್ಟಳು.

ಹೂಜಿ ನೆಲಕ್ಕೆ ಬಿದ್ದು ಚೂರಾಯಿತು.

ಕೆಂಪಿ ಅಳಲಿಲ್ಲ. ಅವಳ ಕೈಗಳು ಮತ್ತೆ ಬೆನ್ನ ಹಿಂದೆ ಹೋದವು. ಅತ್ತಿದ್ದರೇ ಚೆನ್ನಾಗಿತ್ತು ಎಂದು ವನಮಾಲೆಗೆ ಅನಿಸಿತು.

"ನಾನು ಹಿಡಿದೆ ಅಕ್ಕ, ಆದರೂ ಬಿತ್ತು," ಎಂದಳು.

"ನೀನು ಹಿಡಿದೆ. ಅದಕ್ಕೇ ಅವಳು ಬಿಟ್ಟಳು."

ಈ ಮಾತು ವನಮಾಲೆಯ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವಳಿಗೆ ತಪ್ಪು ಕಂಡದ್ದು ಮಣ್ಣಿನಲ್ಲಿ. ಸಂತೆಗೆ ಹೋಗಿ ಸಿಲಾವರದ ಚೊಂಬು, ಸಿಲಾವರದ ಲೋಟಗಳನ್ನು ತಂದಳು. ಅಂಬಕ್ಕ ಬೇಡ ಅನ್ನಲಿಲ್ಲ.

ಮಕ್ಕಳಿಗೆ ಭಾರಿ ಖುಷಿ. ಚೊಂಬನ್ನು ಬೀಸಿಕೊಂಡು ಓಡಿದರು, ಲೋಟಗಳನ್ನು ನೆಲಕ್ಕೆ ಕುಟ್ಟಿದರು, ಒಬ್ಬ ಲೋಟವನ್ನು ಟೋಪಿ ಮಾಡಿಕೊಂಡ.

"ಈಗ ಏನೂ ಒಡೆಯಲ್ಲ, ನೋಡಿ ಅಕ್ಕ," ಎಂದು ವನಮಾಲೆ ಗದ್ದಲದ ನಡುವೆ ಕೂಗಿ ಹೇಳಿದಳು.

"ಹೂಂ. ಕೇಳಿಸ್ತಾ ಇದೆ," ಎಂದರು ಅಂಬಕ್ಕ.

ಕೆಂಪಿಯ ಸರದಿ ಮತ್ತೆ ಬಂತು. ಚೊಂಬು ಅವಳ ಕೈಯಿಂದಲೂ ಜಾರಿ ಠಣ್ ಎಂದಿತು. "ಪರವಾಗಿಲ್ಲ ಪುಟ್ಟಿ, ಏನೂ ಆಗಿಲ್ಲ," ಎಂದು ವನಮಾಲೆ ಓಡಿ ಬಂದು ಚೊಂಬು ಎತ್ತಿಕೊಂಡು, ತಾನೇ ನೀರು ತುಂಬಿ, ತಾನೇ ಎಲ್ಲರಿಗೂ ಕೊಟ್ಟು ಮುಗಿಸಿದಳು.

ಏನೂ ಆಗಿರಲಿಲ್ಲ. ಕೆಂಪಿಯ ಕೈಗಳು ಮಾತ್ರ ಬೆನ್ನ ಹಿಂದೆ ಇದ್ದವು.

ಅವತ್ತು ಊಟಕ್ಕೆ ರಾಗಿಮುದ್ದೆ, ಸೊಪ್ಪಿನ ಸಾರು. ಅಂಬಕ್ಕ ಬಂದು ವನಮಾಲೆಯ ಪಕ್ಕದಲ್ಲಿ ಕೂತರು. ಅವಳ ತಟ್ಟೆಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವಳ ಬಾಯಿಗಿಟ್ಟರು.

ಅಕ್ಕನಿಗೆ ಇವತ್ತು ನನ್ನ ಮೇಲೆ ಪ್ರೀತಿ ಉಕ್ಕಿದೆ ಎಂದುಕೊಂಡು ವನಮಾಲೆ ನುಂಗಿದಳು.

ಇನ್ನೊಂದು ತುತ್ತು ಬಂತು. ಮತ್ತೊಂದು ಬಂತು. ವನಮಾಲೆ ತಟ್ಟೆಗೆ ಕೈ ಹಾಕಿದರೆ ಅಂಬಕ್ಕ ಮೆಲ್ಲಗೆ ಆ ಕೈಯನ್ನು ಸರಿಸಿದರು. ಸೆರಗಿನಿಂದ ಅವಳ ಬಾಯಿ ಒರೆಸಿದರು. "ಆ ಅನ್ನು ಕಂದ, ಆ," ಎಂದರು.

ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕರು. ವನಮಾಲೆಯ ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ಬಂತು.

"ಸಾಕು ಅಕ್ಕ! ನನಗೂ ಕೈ ಇದೆ."

ಅಂಬಕ್ಕ ಎದ್ದು ಕೈ ತೊಳೆದುಕೊಂಡರು.

"ಕೆಂಪಿಗೂ ಇದೆ," ಎಂದರು.

ಸಂಜೆ ವನಮಾಲೆ ಹೊಳೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಅವಮಾನ ಇನ್ನೂ ಆರಿರಲಿಲ್ಲ. ಅಂಬಕ್ಕ ಬಂದು ಒಂದು ಮೆಟ್ಟಿಲು ಕೆಳಗೆ ಕೂತು ಕಾಲನ್ನು ನೀರಿಗೆ ಬಿಟ್ಟರು.

"ಇದನ್ನೆಲ್ಲ ನಿಮಗೆ ಯಾರು ಕಲಿಸಿದ್ದು ಅಕ್ಕ?" ವನಮಾಲೆ ಮುಖ ತಿರುಗಿಸಿಕೊಂಡೇ ಕೇಳಿದಳು.

"ಹುಣಸೆ ಮರದ ಕೆಳಗೆ ಒಂದು ಕೂಸಿತ್ತು. ಇನ್ನೂ ತೆವಳೋ ವಯಸ್ಸು. ದೂರದಲ್ಲಿ ಬಿದ್ದಿದ್ದ ಒಂದು ಹುಣಸೆಕಾಯಿ ಕಣ್ಣಿಗೆ ಬಿತ್ತು. ಹೊರಟಿತು. ಒಂದು ಮಾರು ಹೋಗೋದು, ಮುಗ್ಗರಿಸೋದು, ಮಣ್ಣು ತಿನ್ನೋದು, ಮತ್ತೆ ಹೋಗೋದು. ಇನ್ನೇನು ಸಿಕ್ಕಿತು ಅನ್ನುವಾಗ ದಾರಿಯಲ್ಲಿ ಹೋಗ್ತಿದ್ದ ಒಬ್ಬ ಮುದುಕಿ ಅಯ್ಯೋ ಪಾಪ ಅಂತ ಬಂದು, ಕಾಯಿ ಎತ್ತಿ ಅದರ ಕೈಗೆ ಕೊಟ್ಟಳು."

"ಒಳ್ಳೇದಾಯ್ತಲ್ಲ."

"ಕೂಸು ಕಿಟಾರನೆ ಕಿರುಚಿಕೊಂಡಿತು."

ವನಮಾಲೆ ತಿರುಗಿ ನೋಡಿದಳು. "ಆಮೇಲೆ?"

"ಕಾಯಿಯನ್ನ ದೂರ ಎಸೀತು. ಮತ್ತೆ ತೆವಳೋಕೆ ಶುರು ಮಾಡಿತು."

ಹೊಳೆ ಹರಿಯುತ್ತಿತ್ತು. ಮಾರನೆಯ ಬೆಳಿಗ್ಗೆ ವನಮಾಲೆ ಸಿಲಾವರದ ಪಾತ್ರೆಗಳನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದಳು. ಕುಂಬಾರನ ಮನೆಗೆ ಹೋಗಿ ಹೊಸ ಹೂಜಿ ತಂದಳು.

"ಇದೂ ಒಡೆದರೆ ಅಕ್ಕ?"

"ಮೂಲೆಯಲ್ಲಿ ಪೊರಕೆ ಇದೆ. ಅದನ್ನೂ ಮಕ್ಕಳ ಅಳತೆಗೇ ಕಟ್ಟಿಸಿದ್ದೀನಿ."

ಘಟ್ಟದ ಕಡೆ ಮಳೆ ಹಿಡಿಯಿತು. ಹೊಳೆಯ ನೀರು ಕೆಂಪಾಯಿತು. ಇವತ್ತು ದಾಟಿಸುತ್ತೇನೆ, ನಾಳೆಯ ಮಾತು ಕೇಳಬೇಡಿ ಎಂದು ಅಂಬಿಗ ಹೇಳಿಬಿಟ್ಟ.

ಆ ಹರಿಗೋಲಿನಲ್ಲಿ ಹೊಂಬಾಳೆಯ ಪಟೇಲರೇ ಬಂದಿಳಿದರು. ಮರಿದೇವಪ್ಪ ಎಂದು ಅವರ ಹೆಸರು. ದಪ್ಪ ಮೀಸೆ, ಮಡಿಕೆ ಮುರಿಯದ ಬಿಳಿ ಪಂಚೆ. ಕೋಣೆ ಕೊಡುವ ಮೊದಲು ಈ ಶಾಲೆ ಎಂಥದ್ದು ಎಂದು ಒಮ್ಮೆ ಕಣ್ಣಾರೆ ನೋಡಿಬಿಡೋಣ ಎಂದು ಬಂದಿದ್ದರು.

ನೀರು ಕೊಡುವ ಹೊತ್ತಾಯಿತು. ಅವತ್ತಿನ ಸರದಿ ಕೆಂಪಿಯದು.

ವನಮಾಲೆ ಅಂಬಕ್ಕನ ಹತ್ತಿರ ಹೋಗಿ ಪಿಸುಗುಟ್ಟಿದಳು. "ಇವತ್ತೊಂದು ದಿನ ಬೇರೆ ಮಗುವನ್ನ ಕಳಿಸೋಣ ಅಕ್ಕ. ನನ್ನ ಕೋಣೆ ಹೋಗಿಬಿಡುತ್ತೆ."

"ನಿನ್ನ ಚಾಪೆ ಖಾಲಿ ಇದೆ," ಎಂದರು ಅಂಬಕ್ಕ.

ವನಮಾಲೆ ಹೋಗಿ ಕೂತಳು.

ಕೆಂಪಿ ಹೂಜಿ ಎತ್ತಿಕೊಂಡಳು. ಹಜಾರದ ನಡುವೆ ಬಂದಾಗ ಹೂಜಿ ವಾಲಿತು.

"ಅಯ್ಯಯ್ಯೋ! ಹಿಡ್ಕೊಳ್ಳಮ್ಮ ವನಮಾಲೆ!" ಎಂದು ಪಟೇಲರು ಕೂಗಿದರು.

ವನಮಾಲೆಯ ಕೈಗಳು ಮೇಲೆದ್ದವು. ಅವನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೇ ಕೂತಳು.

ಕೆಂಪಿ ನಿಂತಳು. ಹೂಜಿಯನ್ನು ಮತ್ತೆ ಎದೆಗೆ ಒತ್ತಿಕೊಂಡಳು. ಅದು ನೆಟ್ಟಗಾಯಿತು.

ಪಟೇಲರ ಮುಂದೆ ಬಂದು ಮಣೆಯ ಮೇಲಿದ್ದ ಲೋಟಕ್ಕೆ ಬಗ್ಗಿಸಿದಳು. ಹೂಜಿಯ ಅಂಚು ಲೋಟಕ್ಕೆ ತಗುಲಿತು. ಲೋಟ ಮಣೆಯಿಂದ ಉರುಳಿ ಎರಡು ಹೋಳಾಯಿತು. ನೀರು ಪಟೇಲರ ಪಂಚೆಯ ಮೇಲೆಲ್ಲ ಚೆಲ್ಲಿತು. ಅವರು ಹೌಹಾರಿ ಹಿಂದೆ ಸರಿದರು.

ಕೆಂಪಿ ವನಮಾಲೆಯ ಕಡೆ ನೋಡಿದಳು.

ಓಡಿಹೋಗಿ ಆ ಮಗುವನ್ನು ಎತ್ತಿಕೊಳ್ಳಬೇಕು, ಪಟೇಲರ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಬೇಕು ಎಂದು ವನಮಾಲೆಗೆ ಅನಿಸಿತು. ಊರು, ಕೋಣೆ, ಇಷ್ಟು ಕಾಲದ ಆಸೆ ಎಲ್ಲ ಕಣ್ಣ ಮುಂದೆ ಬಂತು. ಅವಳು ಏಳಲಿಲ್ಲ. ಕೆಂಪಿ ನಡೆಯುವಾಗ ತಾನು ಹೇಗೆ ನೋಡುತ್ತಿದ್ದಳೋ ಈಗಲೂ ಹಾಗೇ ನೋಡಿದಳು.

ಕೆಂಪಿಯ ಕೈಗಳು ಬೆನ್ನ ಹಿಂದೆ ಹೋಗಲಿಲ್ಲ. ಅವುಗಳಲ್ಲಿ ಹೂಜಿ ಇತ್ತು.

ಅವಳು ಹೂಜಿಯನ್ನು ಮೆಲ್ಲಗೆ ಕೆಳಗಿಟ್ಟಳು. ಮೂಲೆಗೆ ಹೋಗಿ ಪುಟ್ಟ ಪೊರಕೆ ತಂದಳು. ಹೋಳುಗಳನ್ನು ಮೊರಕ್ಕೆ ಗುಡಿಸಿಕೊಂಡು ಹೊರಗೆ ಹಾಕಿ ಬಂದಳು. ಬಟ್ಟೆ ತಂದು ನೆಲ ಒರೆಸಿದಳು. ಬಹಳ ಹೊತ್ತು ಹಿಡಿಯಿತು.

ಆಮೇಲೆ ಕಾಲಿಲ್ಲದ ಕಪಾಟಿನಿಂದ ಇನ್ನೊಂದು ಲೋಟ ತಂದಿಟ್ಟಳು. ಹೂಜಿ ಎತ್ತಿಕೊಂಡಳು.

ಪಟೇಲರು ಕೈ ಚಾಚಿದರು. "ಕೊಡು ಮಗ, ನಾನೇ ಬಗ್ಗಿಸ್ಕೊಳ್ತೀನಿ."

"ಮುಟ್ಟಬೇಡಿ," ಎಂದಳು ಕೆಂಪಿ. "ನಾನೇ."

ಆ ಹಜಾರದಲ್ಲಿ ಅವಳು ಆಡಿದ ಮೊದಲ ಮಾತು ಅದು.

ಲೋಟ ತುಂಬಿತು. ಈ ಸಲ ಒಂದು ಹನಿಯೂ ಆಚೆ ಬೀಳಲಿಲ್ಲ.

ಪಟೇಲರು ಗಟಗಟ ಕುಡಿದು ಮೀಸೆ ಒರೆಸಿಕೊಂಡರು. ಕೆಂಪಿ ಮುಂದಿನ ಲೋಟದ ಕಡೆ ಹೋಗುವುದನ್ನೇ ನೋಡುತ್ತ ಕೂತರು.

"ನಮ್ಮ ಮೊಮ್ಮಗಳಿಗೂ ಇದೇ ವಯಸ್ಸು," ಎಂದರು ಸಣ್ಣ ದನಿಯಲ್ಲಿ. "ಇನ್ನೂ ಕಂಕುಳಿಂದ ಇಳಿದಿಲ್ಲ. ನಾವೇ ಇಳಿಸಿಲ್ಲ ಅನ್ನಿ. ಆಗ್ಲಿ, ಕೋಣೆ ಕೊಡ್ತೀನಿ. ಅದಕ್ಕೇನೂ ಯೋಚನೆ ಇಲ್ಲ."

ಆಮೇಲೆ ಅಂಬಕ್ಕನ ಕಡೆ ಬಾಗಿ ದನಿ ಇನ್ನೂ ತಗ್ಗಿಸಿದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ತಾಯಿ. ನಮ್ಮ ಹುಡುಗಿ ಇಲ್ಲಿ ಕಲಿತಿದ್ದೇನು? ಲೋಟ ಒಡೀತು, ನೀರು ಚೆಲ್ತು, ಅಷ್ಟು ಸಣ್ಣ ಮಗು ಒಂದೇ ಒದ್ದಾಡ್ತು. ಇವಳು ನೋಡ್ತಾ ಕೂತಿದ್ಲು. ಏನಂದ್ರೆ ಏನೂ ಮಾಡ್ಲಿಲ್ಲವಲ್ಲ!"

ಅಂಬಕ್ಕ ಮೂಲೆಯ ಚಾಪೆಯ ಕಡೆ ನೋಡಿದರು. ವನಮಾಲೆ ಇನ್ನೂ ಕೈಗಳ ಮೇಲೇ ಕೂತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅಂಬಕ್ಕನ ಕಣ್ಣೂ ತುಂಬಿಕೊಂಡಿತು.

"ಹೌದು ಪಟೇಲರೇ," ಎಂದರು. "ಇವತ್ತೇ ಕರ್ಕೊಂಡು ಹೋಗಿ."