ಹೆಗಲೊಳಗಿನ ನೇಕಾರರು

"ಕೇಳ್ರಪ್ಪೋ ಕೇಳಿ! ದೊರೆ ರಣಸಿಂಹರಾಯರ ಹೆಗಲ ಗಾಯ ಮಾಯ್ದರೂ ಕಲೆ ಬೆಳೆಯುತ್ತಲೇ ಇದೆ. ಹೊಲಿಗೆ ಹಾಕಿದ ವೈದ್ಯ ಹಾಲಪ್ಪನ ತಲೆ ನಾಳೆ ಮಧ್ಯಾಹ್ನ ಉರುಳಲಿದೆ. ಅಷ್ಟರೊಳಗೆ ರಾಜಕುಮಾರಿ ನಾಗಲೆಯ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ಮೇಲೆ ಕೇಳಿದ್ದೊಂದು ವರ. ತಪ್ಪಿದವರ ತಲೆಯನ್ನು ದೊರೆಯೇ ಕೈಯಾರೆ ತೆಗೆಯುತ್ತಾರೆ!" ಎಂದು ಹುಲಿಗುಡ್ಡದ ಬೀದಿಗಳಲ್ಲಿ ಡಂಗುರ ಸಾರಿದರು.

ಕಲೆ ಏಕೆ ಬೆಳೆಯುತ್ತಿದೆ ಎಂದು ನಾಗಲೆಗೆ ಗೊತ್ತಿತ್ತು. ಹಾಲಪ್ಪನ ಜೊತೆ ಪಟ್ಟಿ ಕಟ್ಟುತ್ತ ಕಲಿತಿದ್ದಳು. ಅಪ್ಪನಿಗೆ ಹೇಳಿಯೂ ನೋಡಿದ್ದಳು. ಮಗಳ ಮಾತು ದೊರೆಯ ಕಿವಿಗೆ ಇಳಿಯುತ್ತಿರಲಿಲ್ಲ. ಅದಕ್ಕೇ ಅದನ್ನು ಊರಿನೆದುರು ಬೇರೆಯವರ ಬಾಯಿಂದ ಹೇಳಿಸಲು ಒಗಟು ಕಟ್ಟಿದ್ದಳು.

ಮರುದಿನ ಸಾಲಿನ ಕೊನೆಯಲ್ಲಿ ನಿಂತವನು ಹಾಲಪ್ಪನ ಮಗ ಕೊಟ್ರ, ಲಾಯದ ಆಳು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ನೆರಳು ಗಿಡ್ಡವಾಗುವುದನ್ನೇ ನೋಡುತ್ತಿದ್ದ.

"ಗೋಡೆ ಒಡೆದಾಗ ತಾನೇ ಅಡ್ಡ ಬಿದ್ದು ಕಿಂಡಿ ಮುಚ್ಚಿ, ಬಿದ್ದಲ್ಲಿಂದಲೇ ಊರನ್ನು ಕರೆಯುವುದು ಯಾರು?" ಎಂದಳು ನಾಗಲೆ.

"ಸೇನಾಪತಿ!" ಎಂದ ಒಬ್ಬ ರಾಜಕುಮಾರ. ದೊರೆ ಕತ್ತಿ ಎತ್ತಿದ. ಮುಂದಿನವನು ಜಾಣ. "ಸಾಕ್ಷಾತ್ ತಾವೇ, ಪ್ರಭು!" ಎಂದ. ದೊರೆಗೆ ಸಂತೋಷವಾಯಿತು; ಉತ್ತರ ಮಾತ್ರ ತಪ್ಪು. ಮತ್ತೆ ಕತ್ತಿ ಎತ್ತಿ, ಆಮೇಲೆ ಹೆಗಲು ಕೆರೆದುಕೊಂಡ.

"ನೆತ್ತರು, ದೊರೆಸಾನಿ," ಎಂದ ಕೊಟ್ರ. "ಹೆಪ್ಪುಗಟ್ಟುತ್ತಲೇ ಒಳಗಿನ ಕೂಲಿಗಳನ್ನ ಕರೀತದೆ."

ಆ ಕೂಲಿಗಳನ್ನು ಈಗಿನವರು ಜೀವಕೋಶ ಎನ್ನುತ್ತಾರೆ. ಆ ಪದ ಗೊತ್ತಿಲ್ಲದೆ ಕೊಟ್ರನಿಗೆ ಏನೂ ನಷ್ಟವಾಗಲಿಲ್ಲ.

"ಕಸವನ್ನೇ ಉಂಡು, ಉಂಡಾದ ಮೇಲೆ ನೇಕಾರರಿಗೆ ಹೇಳಿಕಳಿಸುವವರು ಯಾರು?"

"ಆ ಕೂಲಿಗಳೇ. ಕೀವು, ಕೊಳಕು ತಿಂದು ಮುಗಿಸಿ, ಹೊಸ ಮಾಂಸ ನೇಯೋರನ್ನ ಕೂಗ್ತವೆ."

"ಬಟ್ಟೆ ಮುಗಿದರೂ ಮಗ್ಗ ನಿಲ್ಲಿಸದ ನೇಕಾರರು ಯಾರು? ನೇಯಿರಿ ಅಂತ ಅವರಿಗೆ ಅಪ್ಪಣೆ ಕೊಡುತ್ತಿರುವುದು ಯಾರು?"

ಕಂಬಕ್ಕೆ ಕಟ್ಟಿದ್ದ ಅಪ್ಪ ಬೇಡ ಎಂಬಂತೆ ತಲೆಯಾಡಿಸಿದ.

"ಕಲೆ ನೇಯೋರು. ಅಪ್ಪಣೆ ಯಾರೂ ಕೊಡಲ್ಲ. ಮಾಂಸದೊಳಗೆ ದೊರೆ ಅಂತ ಯಾರೂ ಇಲ್ಲ."

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು.

"ಅಕ್ಕಪಕ್ಕದವರು ಕೂಗಿದ್ದು ಕೇಳ್ತಾರೆ, ಚರ್ಮ ಎಳೆದದ್ದು ಕೇಳ್ತಾರೆ, ಅಷ್ಟೇ. ಎಳೆದಷ್ಟೂ ಅವರಿಗೆ 'ಇನ್ನೂ ಗಟ್ಟಿಯಾಗಿಲ್ಲ' ಅಂತ ಕೇಳಿಸ್ತದೆ. ಕುದುರೆ ಕಾಲಿನ ಗಾಯವೂ ಹಿಂಗೇ, ಓಡಿಸಿದಷ್ಟೂ ಉಬ್ತದೆ. ದೊರೆ ಕತ್ತಿ ಎತ್ತಿದಾಗೆಲ್ಲ ಹೆಗಲು ಎಳೀತದೆ."

"ಅಂದರೆ ತಪ್ಪು ನನ್ನದೇನೋ?" ದೊರೆ ಗುಡುಗಿದ.

"ಗೊತ್ತಿಲ್ಲ, ದೊರೆ. ಕುದುರೆಗಳು ಯಾವತ್ತೂ ಹಾಗೆ ಕೇಳಿಲ್ಲ."

ನಾಗಲೆ ನಕ್ಕುಬಿಟ್ಟಳು. "ಮೂರೂ ಸರಿ, ಅಪ್ಪಾಜಿ. ಇಡೀ ಊರು ಕೇಳಿದೆ."

ಕೊಟ್ರ ವರವಾಗಿ ಅಪ್ಪನ ಜೀವ ಕೇಳಿದ. ಹಗ್ಗ ಬಿಚ್ಚಿದರು. ಅರ್ಧ ರಾಜ್ಯವೂ ಸಿಕ್ಕಿತು, ಕಲ್ಲು ಹೆಚ್ಚಿದ್ದ ಅರ್ಧ. ಹಾಲಪ್ಪ ದೊರೆಯ ಬಲತೋಳನ್ನು ಎದೆಗೆ ಬಿಗಿಯಾಗಿ ಕಟ್ಟಿದ.

"ಎಷ್ಟು ದಿನ?"

"ಆರು ತಿಂಗಳು, ದೊರೆ. ಕಲೆ ಪೂರ್ತಿ ಹೋಗಲ್ಲ. ಬೆಳೆಯೋದು ನಿಲ್ಲಬಹುದು."

ಕಲೆ ಬೆಳೆಯುವುದು ನಿಂತಿತೋ ಇಲ್ಲವೋ, ಊರಿನವರು ವಿಚಾರಿಸಲು ಹೋಗಲಿಲ್ಲ. ಆ ಆರು ತಿಂಗಳು ಹುಲಿಗುಡ್ಡದಲ್ಲಿ ಯಾರ ತಲೆಯೂ ಉರುಳಲಿಲ್ಲ.