ಉಪ್ಪಿಟ್ಟು ತಿರುವಿದ ಕೋಲು

"ಗುರುಗಳೇ, ತಪ್ಪು ಮಾಡಿದ್ದೇನೆಂಬ ಅನುಮಾನ ಮಾತ್ರ ಇದೆ, ಖಚಿತವಿಲ್ಲ. ಆಗಲೂ ಅದನ್ನು ಹೇಳಿಬಿಡಬೇಕೇ? ಹೇಳಿದ ಮೇಲೆ ತಪ್ಪೇ ಆಗಿರಲಿಲ್ಲವೆಂದು ತಿಳಿದರೆ, ಹೇಳಿದವನು ಹುಚ್ಚನಾಗುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಉಪ್ಪು ಸಾಗಿಸುವ ಗಾಡಿಗಳ ಜೊತೆ ಹೋಗಿ, ಬೀಡು ಬಿಟ್ಟಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುವುದು ಅವನ ಕೆಲಸ. ಗಾಡಿಯವರು ಒಂಬತ್ತು ಜನ, ಬಾಣಲೆ ಒಂದೇ. ಹನ್ನೆರಡು ವರ್ಷ ಆ ಬಾಣಲೆಯಲ್ಲೇ ಅವನು ಅವರಿಗೆ ಬೆಳಗಿನ ಉಪ್ಪಿಟ್ಟು ಮಾಡಿ ಬಡಿಸಿದ್ದ. ಒಂದು ದಿನವೂ ಯಾರೂ ಎಲೆಯಲ್ಲಿ ಒಂದು ಕಾಳು ಬಿಟ್ಟು ಎದ್ದಿರಲಿಲ್ಲ. ಅದೊಂದೇ ಅವನ ಹೆಮ್ಮೆ.

ಆ ಸಲ ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಸಾಮಾನು ತೀರಿತ್ತು. ಒಂದು ಹೊತ್ತಿಗಾಗುವಷ್ಟು ರವೆ, ಎರಡು ಹಿಡಿ ಅವರೆಕಾಳು, ಒಂದು ತುಂಡು ಕೊಬ್ಬರಿ, ಎರಡು ಈರುಳ್ಳಿ ಉಳಿದಿದ್ದವು. ಮರುದಿನ ಘಟ್ಟ ಹತ್ತಬೇಕು, ಮೇಲಿನ ಊರು ಸಿಗುವುದು ಸಂಜೆಗೆ. ಗಾಡಿಯವರಲ್ಲಿ ಒಬ್ಬ ಮುದುಕನಿಗೆ ಮೂರು ದಿನ ಜ್ವರ ಕಾದು ಆಗಷ್ಟೇ ಬಿಟ್ಟಿತ್ತು. ಹೊಟ್ಟೆಗೆ ಬರೀ ಗಂಜಿ ನೀರು ಬಿದ್ದು ಅವನ ಕೈಕಾಲು ನಡುಗುತ್ತಿದ್ದವು.

ಅದೇ ಸಂಜೆ ಹಳ್ಳ ದಾಟುವಾಗ ಗಾಡಿ ವಾಲಿ ಸಟ್ಟುಗ ನೀರುಪಾಲಾಗಿತ್ತು. ಅಡುಗೆಯವನು ದಂಡೆಯ ಪೊದೆಗೆ ಕೈ ಹಾಕಿ ಹೆಬ್ಬೆರಳು ಗಾತ್ರದ ಒಂದು ಕೋಲು ಕಡಿದುಕೊಂಡ. ಕತ್ತಲಾಗುತ್ತಿತ್ತು. ಗಾಡಿಗಳು ಮುಂದೆ ಹೋಗಿದ್ದವು. ನಡೆಯುತ್ತಲೇ ಎಲೆ ತರಿದು, ತೊಗಟೆ ಸುಲಿದು, ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಬೆಳಗಾಯಿತು. ಅವನು ರವೆ ಹುರಿದು ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಒಗ್ಗರಣೆ ಹಾಕಿ, ಈರುಳ್ಳಿ ಬಾಡಿಸಿ, ನೀರು ಹೊಯ್ದು ಅವರೆಕಾಳು ಬೇಯಿಸಿದ. ಕೊನೆಗೆ ರವೆ ಸುರಿದು ಆ ಕೋಲಿನಿಂದ ಚೆನ್ನಾಗಿ ತಿರುವಿದ. ಘಮ ಎದ್ದಿತು. ಮಲಗಿದ್ದ ಮುದುಕ ತಾನಾಗಿ ಎದ್ದು ಬಂದು ಎಲೆಯ ಮುಂದೆ ಕೂತ. ಎಲ್ಲರೂ ಕೂತರು.

ಆಗ ಗಾಡಿಗಳ ಯಜಮಾನ ಮಿಂದು ಬಂದ. ಅವನ ಕೈಯಲ್ಲಿ ಪೂಜೆಗೆ ಕಿತ್ತ ಕಣಗಿಲೆ ಹೂಗಳಿದ್ದವು.

ಹೂ ಕಂಡದ್ದೇ ಅಡುಗೆಯವನು ಕೈಯಲ್ಲಿದ್ದ ಕೋಲನ್ನು ನೋಡಿದ. ನಿನ್ನೆ ಹಳ್ಳದ ದಂಡೆಯಲ್ಲೂ ಇವೇ ಹೂಗಳಿದ್ದವು. ಅಲ್ಲಿ ಬೇಲಿಗೆ ಹಾಕುವ ಬಂದರಿಕೆ ಗಿಡವೂ ಕಣಗಿಲೆಯೂ ಒಂದರೊಳಗೊಂದು ಹೆಣೆದುಕೊಂಡು ಬೆಳೆದಿದ್ದವು. ಎರಡರ ಎಲೆಯೂ ಉದ್ದ, ಸಪೂರ. ಬಂದರಿಕೆಯಾದರೆ ಚಿಂತೆಯಿಲ್ಲ. ಕಣಗಿಲೆಯಾದರೆ ಬಾಣಲೆಯಲ್ಲಿರುವುದು ವಿಷ. ತಾನು ಕಡಿದದ್ದು ಯಾವುದು? ಎಷ್ಟು ನೆನೆದರೂ ಅವನಿಗೆ ತಿಳಿಯಲಿಲ್ಲ.

ಕೋಲನ್ನು ಮೂಸಿದ. ಈರುಳ್ಳಿಯ ವಾಸನೆ ಮಾತ್ರ ಇತ್ತು. ತುದಿಯನ್ನು ನಾಲಗೆಗೆ ತಾಗಿಸಿದ. ಕಹಿ ಎನಿಸಿತು. ಸೀದ ಒಗ್ಗರಣೆಯೂ ಕಹಿಯೇ ಅಲ್ಲವೇ ಎಂದುಕೊಂಡ. ತಾನೇ ಮೊದಲು ತಿಂದು ನೋಡಲೇ? ವಿಷ ಏರುವುದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ಒಂಬತ್ತೂ ಎಲೆಗಳು ಬರಿದಾಗಿರುತ್ತವೆ. ಸುಮ್ಮನಿದ್ದರೆ? ಬಹುಶಃ ಏನೂ ಆಗಲಿಕ್ಕಿಲ್ಲ. ಆ "ಬಹುಶಃ" ಅವನಿಗೆ ಸಾಲಲಿಲ್ಲ.

ಅವನು ನಿಂತೇ ಇದ್ದುದನ್ನು ಕಂಡು ಯಜಮಾನ ತಾನೇ ಬಡಿಸತೊಡಗಿದ. ಮೊದಲ ಎಲೆ ಮುದುಕನದು. ಮುದುಕ ಬಿಸಿ ಉಪ್ಪಿಟ್ಟನ್ನು ಊದಿ, ಉಂಡೆ ಕಟ್ಟಿ, ಬಾಯಿಯ ಹತ್ತಿರ ತಂದ.

ಅಡುಗೆಯವನು ಹಾರಿ ಬಂದು ಅವನ ಕೈಗೆ ಹೊಡೆದ. ಉಂಡೆ ಮಣ್ಣಿಗೆ ಬಿತ್ತು. ಬಾಣಲೆಯನ್ನೂ ಕಾಲಿನಿಂದ ಒದ್ದು ಉರುಳಿಸಿದ.

ಎಲ್ಲರೂ ಎದ್ದು ನಿಂತರು. ಅವನು ಕೋಲಿನ ವಿಷಯ ಹೇಳಿದ.

"ಕಣಗಿಲೆಯೇ ಅಂತ ನಿನಗೆ ಗೊತ್ತೇನು?" ಎಂದ ಯಜಮಾನ.

"ಗೊತ್ತಿಲ್ಲ, ಯಜಮಾನರೇ. ಅಲ್ಲ ಅಂತಲೂ ಗೊತ್ತಿಲ್ಲ."

ಗಾಡಿಯವನೊಬ್ಬ ಅವನ ಕೆನ್ನೆಗೆ ಬಾರಿಸಿದ. ಅಡುಗೆಯವನು ಎತ್ತುಗಳು ಬಾಯಿ ಹಾಕದಂತೆ ಗುಂಡಿ ತೋಡಿ, ಉಪ್ಪಿಟ್ಟನ್ನೂ ಕೋಲನ್ನೂ ಹೂತು, ಬಾಣಲೆಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದ.

ಅಂದು ಅವರು ಬರಿಹೊಟ್ಟೆಯಲ್ಲಿ ಘಟ್ಟ ಹತ್ತಿದರು. ಅರ್ಧ ದಾರಿಯಲ್ಲಿ ಮುದುಕ ಕುಸಿದು ಬಿದ್ದ. ಅವನನ್ನು ಉಪ್ಪಿನ ಮೂಟೆಗಳ ಮೇಲೆ ಮಲಗಿಸಿದರು. ಅಡುಗೆಯವನು ಗಾಡಿಯ ಪಕ್ಕದಲ್ಲೇ ನಡೆಯುತ್ತ, ಗಳಿಗೆಗೊಮ್ಮೆ ಅವನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಿದ್ದ. ವಿಷದಿಂದ ಉಳಿಸಿದವನನ್ನು ಹಸಿವಿನಿಂದ ಕೊಂದೆನೇ ಎಂಬ ಭಯ ಅವನನ್ನು ಘಟ್ಟದುದ್ದಕ್ಕೂ ಬಿಡಲಿಲ್ಲ. ಸಂಜೆ ಊರು ಸಿಕ್ಕಿತು. ಮುದುಕ ಹಾಲು ಕುಡಿದು ಕಣ್ಣು ಬಿಟ್ಟ.

ಯಜಮಾನ ಅಡುಗೆಯವನನ್ನು ಕರೆದು, "ಇನ್ನು ನಿನ್ನ ಕೈ ಅಡುಗೆ ನಮ್ಮ ಗಂಟಲಲ್ಲಿ ಇಳಿಯುವುದಿಲ್ಲ. ನೀನು ಊರಿಗೆ ಹೋಗು" ಎಂದ. ಯಾರೂ ಬೇಡವೆನ್ನಲಿಲ್ಲ.

ಅವನು ಬಂದ ದಾರಿಯಲ್ಲೇ ಹಿಂದಿರುಗಿದ. ಮರುದಿನ ಮಧ್ಯಾಹ್ನ ಆ ಹಳ್ಳ ಬಂತು. ದಾಟಿಕೊಂಡು ಹೋಗಿಬಿಡೋಣವೆಂದು ನೀರಿಗಿಳಿದವನು ತಡೆಯಲಾರದೆ ಪೊದೆಯ ಬಳಿಗೆ ಹೋಗಿ, ಕೈಯಿಂದ ಒಂದೊಂದೇ ಕೊಂಬೆ ಸರಿಸಿ ನೋಡಿದ. ಕಣಗಿಲೆಯ ಗಿಡದಲ್ಲಿ ಎಲ್ಲಿಯೂ ಕತ್ತಿಯ ಗಾಯವಿರಲಿಲ್ಲ. ಪಕ್ಕದ ಬಂದರಿಕೆಯಲ್ಲಿ, ಮೊಳಕಾಲೆತ್ತರದಲ್ಲಿ, ಓರೆಯಾಗಿ ಕಡಿದ ಮೋಟು ಇತ್ತು.

ಅವನು ಅಲ್ಲೇ ಕುಸಿದು ಕೂತ. "ಸದ್ಯ" ಎಂದ. ಆಮೇಲೆ ಬಹಳ ಹೊತ್ತು ಅತ್ತ. ಎರಡು ದಿನದಿಂದ ತಾನೂ ಏನೂ ತಿಂದಿಲ್ಲವೆಂಬುದು ಆಗ ಅವನಿಗೆ ನೆನಪಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಬಂದರಿಕೆಯೇ ಆಗಿತ್ತಲ್ಲ ಗುರುಗಳೇ! ಊಟ ಹೋಯಿತು, ಕೆಲಸ ಹೋಯಿತು, ಮುದುಕನ ಜೀವವೂ ಹೋಗುವುದರಲ್ಲಿತ್ತು. ಅವನು ಹುಚ್ಚನೇ ಆದನಲ್ಲವೇ?"

ಗುರುಗಳು ಅವನ ಮುಖ ನೋಡಿ ಕೇಳಿದರು: "ನಾಳೆ ನೀನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೂರದ ದಾರಿ ಹೊರಟರೆ, ಅಡುಗೆಗೆ ಯಾರನ್ನು ಕರೆದುಕೊಂಡು ಹೋಗುತ್ತೀ?"