ಕತ್ತರಿ ಕಂಡ ಹೂಗೊಂಚಲು

ಮಾಲಿ ಐತಪ್ಪನ ಅಂಗಳದಲ್ಲಿ ಕೆಂಪು ಹೂ ಬಿಡುವ ಕುಳ್ಳ ಕೇಪಳ ಗಿಡವೊಂದಿತ್ತು. ಪ್ರತಿ ವರ್ಷ ಹೂವೆಲ್ಲ ಬಾಡಿದ ಮೇಲೆ ಅವನು ಕತ್ತರಿ ತಂದು ಅದರ ಕೊಂಬೆಗಳನ್ನು ಸವರುತ್ತಿದ್ದ. ಒಮ್ಮೆ ಗಿಡ ನೋವು ತಾಳಲಾರದೆ, "ನನ್ನ ಮೇಲೆ ನಿನಗೇಕಿಷ್ಟು ಹಗೆ?" ಎಂದು ಕತ್ತರಿಯನ್ನು ಕೇಳಿತು.

"ಹಗೆಯಲ್ಲ. ಸವರದಿದ್ದರೆ ನೀನು ಬರೀ ಕಡ್ಡಿಯಾಗಿ ಬೆಳೆದು ಹೂ ಬಿಡುವುದನ್ನೇ ಮರೆಯುತ್ತೀಯೆ," ಎಂದಿತು ಕತ್ತರಿ. "ಆದರೆ ನಿನ್ನ ಹೂವನ್ನು ನಾನು ಒಮ್ಮೆಯೂ ನೋಡಿಲ್ಲ. ನೀನು ಅರಳಿದಾಗಲೆಲ್ಲ ನಾನು ಸಾಮಾನು ಕೋಣೆಯ ಮೊಳೆಯಲ್ಲಿ ತೂಗುತ್ತಿರುತ್ತೇನೆ. ನಿನ್ನ ಬಳಿ ಬರುವ ಹಕ್ಕಿಗಳ ಸದ್ದಷ್ಟೇ ನನಗೆ ಕೇಳಿಸುತ್ತದೆ."

ಗಿಡಕ್ಕೆ ಮರುಕವಾಯಿತು. ಮರುವರ್ಷ ಅದು ಒಂದು ಗೊಂಚಲನ್ನು ಅರಳಿಸದೆ ಮೊಗ್ಗಾಗಿಯೇ ಹಿಡಿದಿಟ್ಟುಕೊಂಡಿತು. ಉಳಿದ ಹೂವೆಲ್ಲ ಉದುರಿ, ಐತಪ್ಪ ಕತ್ತರಿ ಹಿಡಿದು ಬಂದ ಬೆಳಿಗ್ಗೆ ಅದನ್ನು ಅರಳಿಸಿ, "ನೋಡು, ಇದು ನಿನಗಾಗಿ," ಎಂದಿತು.

"ಇಷ್ಟು ಚೆಂದವೇ!" ಎಂದಿತು ಕತ್ತರಿ.

ಐತಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ಹಿಡಿಕೆಯನ್ನು ಅದುಮಿದ. ಮೊದಲು ತುಂಡಾಗಿ ಬಿದ್ದದ್ದು ಆ ಗೊಂಚಲೇ.

ಕತ್ತರಿ ಬಿಗಿದುಕೊಂಡಿತು, ಮತ್ತೆ ಬಾಯಿ ತೆರೆಯಲಿಲ್ಲ. ತುಕ್ಕು ಹಿಡಿದಿರಬೇಕೆಂದು ಐತಪ್ಪ ಅದಕ್ಕೆ ಎಣ್ಣೆ ಬಿಟ್ಟು, ಉಳಿದ ಕೊಂಬೆಗಳನ್ನೂ ಸವರಿದ.